ಮೂರನೇ ಹರ್ಡಲ್ ಬಿದ್ದ ಮೇಲೆ

ಅಬುಧಾಬಿಯ ಖಲೀಫಾ ಸಿಟಿಯ ನಮ್ಮ ವಿಲ್ಲಾದಲ್ಲಿ ಆರು ಸಂಸಾರಗಳಿವೆ. ಒಬ್ಬರಿಗೆಂದು ಕಟ್ಟಿದ ಮನೆಗೆ ನಡುವೆ ಜಿಪ್ಸಂ ಗೋಡೆ ಹಾಕಿ ಆರು ಮನೆ ಮಾಡಿದ್ದಾರೆ. ಹೊರಗಿನ ಓಣಿಯಲ್ಲಿ ಮಕ್ಕಳ ಸೈಕಲ್ಲು, ಗ್ಯಾಸ್ ಸಿಲಿಂಡರು, ಊರಿಗೆ ಕಾರ್ಗೋ ಹಾಕಲು ಯಾರೋ ಕಟ್ಟಿಟ್ಟ ರಟ್ಟಿನ ಪೆಟ್ಟಿಗೆಗಳು. ನಾವೆಲ್ಲ ಬೈದುಕೊಂಡು ಸುತ್ತಿ ಹೋಗುವವರು. ವಾರಿಜಕ್ಕ ಮಾತ್ರ ಒಗೆದ ಬಟ್ಟೆಯ ಬಕೆಟ್ಟನ್ನು ಸೊಂಟಕ್ಕೆ ಒತ್ತಿ, ಇನ್ನೊಂದು ಕೈಯಲ್ಲಿ ನೈಟಿ ಎತ್ತಿ, ಎಡಗಾಲನ್ನು ನೇರ ಮುಂದಕ್ಕೆ ಚಾಚಿ, ಬಲಗಾಲನ್ನು ಪಕ್ಕಕ್ಕೆ ಮಡಚಿ, ನಿಂತ ಸೈಕಲ್ಲನ್ನು ದಾಟಿಬಿಡುತ್ತಿದ್ದರು. ಮೊದಲ ಸಲ ನೋಡಿದಾಗ, ಸುತ್ತಿ ಹೋಗಲು ಇಷ್ಟು ಸೋಮಾರಿತನವೇ ಅಂದುಕೊಂಡೆ.

ವಾರಿಜಾಕ್ಷಿ ಕಾಪು ಕಡೆಯವರು, ವಯಸ್ಸು ಐವತ್ತೆರಡು. ನನ್ನ ಮಗಳು ಅಶ್ಮಿತಾ ಓದುವ ಶಾಲೆಯ ಬಸ್ಸಿನಲ್ಲಿ ಆಯಾ. ಬೆಲ್ಟ್ ಹಾಕಿಸುವುದು, ವಾಂತಿ ಮಾಡುವವರನ್ನು ಕಿಟಕಿ ಪಕ್ಕ ಕೂರಿಸುವುದು, ಕೊನೆಗೆ ಸೀಟಿನ ಕೆಳಗೆಲ್ಲ ಬಗ್ಗಿ ಯಾರೂ ಉಳಿದಿಲ್ಲವೆಂದು ನೋಡಿ ಇಳಿಯುವುದು. ಗಂಡ ಚನಿಯಣ್ಣ ದುಬೈಯ ರಾಸ್ ಅಲ್ ಖೋರ್‌ನಲ್ಲಿ ಒಂದು ಗ್ಯಾರೇಜಿನ ವೆಲ್ಡರ್. ಅಲ್ಲೇ ರೂಮು, ವಾರಕ್ಕೊಮ್ಮೆ ಬಸ್ಸು ಹತ್ತಿ ಇಲ್ಲಿಗೆ. ಬರುವಾಗ ದೇರಾದ ಮಾರ್ಕೆಟ್ಟಿನಿಂದ ಮೀನು ತರುತ್ತಾರೆ, ಆ ದಿನ ಇಡೀ ಓಣಿಗೆ ಪರಿಮಳ. ನಾನು ಮೈಸೂರಿನ ಪುಳಿಚಾರಿನ ಹೆಂಗಸು, ಮೊದಮೊದಲು ಮೂಗು ಮುರಿದೆ. ಆಮೇಲೆ ವಾರಿಜಕ್ಕನ ಮನೆಯ ನೀರ್ದೋಸೆಗೆ ಸೋತು ಸುಮ್ಮನಾದೆ.

ಈ ವಾರಿಜಕ್ಕ ಒಂದು ಕಾಲದಲ್ಲಿ ಹರ್ಡಲ್ಸ್ ಓಟಗಾರ್ತಿ. ಅದು ನನಗೆ ಗೊತ್ತಾದದ್ದು ಅಶ್ಮಿತಾಳಿಂದ. ಬಸ್ಸಿನಲ್ಲಿ ಮಕ್ಕಳು ಪೆನ್ಸಿಲ್ಲಿಗೋ ಸೀಟಿಗೋ ಜಗಳವಾಡಿ ಸುಳ್ಳು ಹೇಳಿದಾಗಲೆಲ್ಲ ವಾರಿಜಕ್ಕ ಒಂದು ಕಥೆ ಹೇಳುತ್ತಿದ್ದರಂತೆ. ಹೇಳಿ ಹೇಳಿ ಬಸ್ಸಿನ ಫಿಲಿಪಿನೋ ಮಕ್ಕಳಿಗೂ ಅದು ಬಾಯಿಪಾಠ.

ಅವರ ಹೈಸ್ಕೂಲಿನಲ್ಲಿ ಎಡ್ವರ್ಡ್ ಎಂಬ ಡ್ರಿಲ್ ಮಾಸ್ಟ್ರಿದ್ದರು. ಆಟದ ಸಾಮಾನಿನ ಕೋಣೆಯಲ್ಲಿ, ಪೋಪರ ಚಿತ್ರದ ಪಕ್ಕ, ಒಂದು ಫೋಟೋ ತೂಗುಹಾಕಿದ್ದರು. ಕಳೆದ ಶತಮಾನದ ಮೊದಲ ವರ್ಷಗಳ ಯಾವುದೋ ಒಲಿಂಪಿಕ್ಸಿನಲ್ಲಿ ಯಾರೋ ಒಬ್ಬ ಬಿಳಿಯ, ಮಂಡಿಯವರೆಗಿನ ಚಡ್ಡಿ ಹಾಕಿಕೊಂಡು, ತೋಟದ ಗೇಟಿನಂಥ ಮರದ ಹರ್ಡಲಿನ ಮೇಲೆ ಹಾರುತ್ತಿರುವ ಚಿತ್ರ. ಹಿಂದೆ ಇದ್ದ ಯಾರೋ ಫಾದರ್ ವಿದೇಶದ ಪತ್ರಿಕೆಯಿಂದ ಕತ್ತರಿಸಿ ಕಟ್ಟು ಹಾಕಿಸಿದ್ದು. ಹಾರುವವನ ಹೆಸರು ಮಾಸ್ಟ್ರಿಗೂ ಗೊತ್ತಿರಲಿಲ್ಲ. ಆದರೆ ಅವನ ಕಾಲದ ನಿಯಮ ಗೊತ್ತಿತ್ತು: ಮೂರು ಹರ್ಡಲ್ ಬೀಳಿಸಿದವನು ಔಟ್. ಆ ಫಾದರ್ ಹೇಳಿದ್ದು, ಮಾಸ್ಟ್ರು ನಂಬಿದ್ದು. ಶಾಲೆಯಲ್ಲಿ ಹರ್ಡಲ್ ಇರಲಿಲ್ಲವಾದ್ದರಿಂದ ತರಗತಿಯ ಬೆಂಚುಗಳನ್ನು ಅಂಗಳಕ್ಕೆ ಹೊರಿಸಿ ಅವುಗಳ ಮೇಲೆ ಹುಡುಗಿಯರನ್ನು ಹಾರಿಸುತ್ತಿದ್ದರು. ಬೆಂಚು ಬೀಳುವುದಿಲ್ಲ, ತಾಗಿದರೆ ಬೀಳುವುದು ಹುಡುಗಿಯರೇ. ಹಾಗಾಗಿ ವಾರಿಜಕ್ಕ ಎತ್ತರಕ್ಕೆ ಹಾರಲು ಕಲಿತರು. ಪ್ರತಿ ಸಲ ಅಭ್ಯಾಸಕ್ಕೆ ಇಳಿಯುವ ಮೊದಲು ಆ ಫೋಟೋದ ಕಟ್ಟನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರಂತೆ. ಹೆಸರಿಲ್ಲದ ಒಬ್ಬ ದೊರೆಗೆ ಕಾಪುವಿನ ಹುಡುಗಿಯ ನಮಸ್ಕಾರ.

ತಾಲೂಕು ಗೆದ್ದರು, ಜಿಲ್ಲೆ ಗೆದ್ದರು, ಬೆಂಗಳೂರಿನಲ್ಲಿ ರಾಜ್ಯ ಮಟ್ಟದ ಓಟಕ್ಕೆ ಹೋದರು. ಹತ್ತು ಹರ್ಡಲ್. ನಿಜವಾದ ಹರ್ಡಲನ್ನು ಅವರು ಅಷ್ಟು ಸಾಲಾಗಿ ಕಂಡದ್ದೇ ಅಲ್ಲಿ. ಓಟ ಶುರುವಾಗಿ ಎಲ್ಲರಿಗಿಂತ ಮುಂದೆ ಇದ್ದರು. ನಡುವೆ ಒಂದು ಬಿತ್ತು, ಆಮೇಲೆ ಇನ್ನೊಂದು. ಎಂಟನೆಯದಕ್ಕೆ ಬಲಗಾಲ ಮಂಡಿ ತಾಗಿ ಅದೂ ಬಿತ್ತು. ಮೂರು. ವಾರಿಜಕ್ಕ ನಿಂತುಬಿಟ್ಟರು. ಯಾರೂ ಸೀಟಿ ಊದಿರಲಿಲ್ಲ, ಯಾರೂ ಬಾವುಟ ಎತ್ತಿರಲಿಲ್ಲ. ಕೈ ಹಿಂದೆ ಕಟ್ಟಿಕೊಂಡು, ತಲೆ ತಗ್ಗಿಸಿ, ಟ್ರ್ಯಾಕಿನಿಂದ ಹೊರಗೆ ನಡೆದರು. ಕಾಲು ಉಳುಕಿತೆಂದು ಅಲ್ಲಿನವರು ತಿಳಿದರು. ಎಡ್ವರ್ಡ್ ಮಾಸ್ಟ್ರು ಮಾತ್ರ ಬಂದು ಬೆನ್ನು ತಟ್ಟಿದರು. ಊರಿಗೆ ಮರಳಿದ ಮೇಲೆ ಇಡೀ ಶಾಲೆಯ ಎದುರು ನಿಲ್ಲಿಸಿ, ಪದಕ ಯಾರಿಗೆ ಬೇಕಾದರೂ ಸಿಗಬಹುದು, ತಾನಾಗಿ ನಿಲ್ಲುವ ಪ್ರಾಮಾಣಿಕತೆ ಎಲ್ಲರಿಗೂ ಸಿಗುವುದಿಲ್ಲ ಎಂದು ಹೇಳಿದರಂತೆ. ಅದೇ ಕೊನೆಯ ಓಟ. ಮುಂದೆ ಮದುವೆ, ಗಲ್ಫು, ಬಸ್ಸು. ಪದಕವಿಲ್ಲದಿದ್ದರೂ ಆ ಹೊಗಳಿಕೆಯನ್ನು ಕುತ್ತಿಗೆಗೆ ಹಾಕಿಕೊಂಡೇ ಮೂವತ್ತೈದು ವರ್ಷ ಬದುಕಿದವರು ನಮ್ಮ ವಾರಿಜಕ್ಕ.

ಈಗ ನನ್ನ ಮಗಳ ವಿಷಯಕ್ಕೆ ಬರುತ್ತೇನೆ. ಕಳೆದ ವರ್ಷದ ಶಾಲಾ ಕ್ರೀಡಾಕೂಟದಲ್ಲಿ ಅಶ್ಮಿತಾ ಹರ್ಡಲ್ಸ್ ಓಡಿದಳು. ಆಫೀಸಿಗೆ ರಜೆ ಹಾಕಿ ಹೋಗಿದ್ದೆ. ನನ್ನ ಮಗಳ ಶೈಲಿ ಅಂದರೆ ಎದುರಿಗೆ ಬಂದದ್ದನ್ನೆಲ್ಲ ಒದ್ದುಕೊಂಡು ಹೋಗುವುದು, ಮನೆಯಲ್ಲೂ ಹಾಗೇ. ದಡಬಡ ಎಂದು ನಾಲ್ಕು ಹರ್ಡಲ್ ಮಲಗಿಸಿದಳು, ಆದರೂ ಮೊದಲು ಮುಟ್ಟಿದಳು. ನಾನು ಮೊಬೈಲ್ ಎತ್ತಿ ಫೋಟೋ ತೆಗೆಯುತ್ತಿದ್ದೇನೆ, ಅಷ್ಟರಲ್ಲಿ ಮಿರುಗುವ ಹಳದಿ ಜಾಕೆಟ್ಟಿನ ಹೆಂಗಸೊಬ್ಬರು ಹಗ್ಗ ದಾಟಿ ನೇರ ತೀರ್ಪುಗಾರರ ಮೇಜಿಗೆ ನಡೆದರು. ನಮ್ಮ ವಾರಿಜಕ್ಕ. ಈ ಹುಡುಗಿ ಮೂರಕ್ಕಿಂತ ಹೆಚ್ಚು ಬೀಳಿಸಿದ್ದಾಳೆ, ಇವಳನ್ನು ತೆಗೆಯಬೇಕು, ನನಗೆ ಬೇಕಾದ ಮಗುವೇ ಆದರೂ ನಿಯಮ ನಿಯಮವೇ ಎಂದು ವಾದ. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ನನ್ನ ಮನೆಯಲ್ಲಿ ಕಾಫಿ ಕುಡಿದು ನನ್ನ ಮಗಳ ಪದಕಕ್ಕೆ ಕಲ್ಲು ಹಾಕುವುದೇ ಎಂದು ನಾನೂ ಹಗ್ಗ ದಾಟಿದೆ.

ಕ್ರೀಡಾ ಶಿಕ್ಷಕಿ ಜಸೀನಾ ಕಾಸರಗೋಡಿನವರು, ಕನ್ನಡ ಬರುತ್ತದೆ. ಅವರು ತಾಳ್ಮೆಯಿಂದ ಹೇಳಿದರು. ಬೇಕೆಂದೇ ಕೈಯಲ್ಲಿ ತಳ್ಳಬಾರದು, ತನ್ನ ಸಾಲು ಬಿಟ್ಟು ಹೋಗಬಾರದು, ಓಟದಲ್ಲಿ ಕಾಲು ತಾಗಿ ಎಷ್ಟು ಬಿದ್ದರೂ ತಪ್ಪಲ್ಲ.

"ಮೂರು ಬಿದ್ರೆ ಔಟ್ ಅಂತ ಉಂಟಲ್ಲ ಟೀಚರ್?" ಎಂದರು ವಾರಿಜಕ್ಕ.

"ಅದು ತುಂಬಾ ಹಳೇ ಕಾಲದ್ದು ಆಂಟಿ. ನಾವೆಲ್ಲ ಹುಟ್ಟುವ ಎಷ್ಟೋ ಮೊದಲೇ ತೆಗೆದಿದ್ದಾರೆ. ನಿಮ್ಮ ತಾಯಿ ಓಡಿದ್ರೂ ಆ ನಿಯಮ ಇರ್ತಿರ್ಲಿಲ್ಲ."

ವಾರಿಜಕ್ಕ ಸರಿ ಟೀಚರ್, ಕ್ಷಮಿಸಿ ಎಂದು ಹೇಳಿ, ಹಗ್ಗವನ್ನು ದಾಟದೆ ಅದರ ಕೆಳಗೆ ಬಗ್ಗಿ ಹೊರಗೆ ಹೋದರು. ಆ ಮಧ್ಯಾಹ್ನ ಬಸ್ಸಿನಲ್ಲಿ ಅಶ್ಮಿತಾ ಹಿಗ್ಗಿನಲ್ಲಿ, "ಆಂಟಿ, ದಟ್ ಮೀನ್ಸ್ ಯು ಕುಡ್ ಹ್ಯಾವ್ ವನ್" ಎಂದಳಂತೆ, ಅವತ್ತು ನೀವೇ ಗೆಲ್ಲಬಹುದಿತ್ತು ಎಂದು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಹದಿನಾಲ್ಕರ ಹುಡುಗಿಗೆ ಲೆಕ್ಕ ಅಷ್ಟು ಸರಳ.

ಸಂಜೆ ನಾನು ಸೊಂಟ ಕಟ್ಟಿಕೊಂಡೇ ಜಗಳಕ್ಕೆ ಹೋದೆ. ವಾರಿಜಕ್ಕ ಬಾಗಿಲ ಮೆಟ್ಟಿಲ ಮೇಲೆ ಕೂತಿದ್ದರು. ಮುಂದೆ ತಟ್ಟೆಯಲ್ಲಿ ಅರ್ಧ ಕೊಯ್ದ ಬಂಗುಡೆ, ಕೈಯಲ್ಲಿ ಚೂರಿ, ಮೀನಿನ ಮೇಲೆ ನೊಣ. ನಾನು ಬಾಯಿ ತೆರೆಯುವ ಮೊದಲೇ ಅವರು ಹೇಳಿದರು:

"ಬಿಂದು, ಅವತ್ತು ನಾನು ಮುಂದೆ ಇದ್ದೆ. ನನ್ನ ಹಿಂದೆ ಯಾರೂ ಹತ್ತಿರ ಇರ್ಲಿಲ್ಲ."

ನನ್ನ ಕೋಪ ಎಲ್ಲಿ ಹೋಯಿತೋ ತಿಳಿಯದು. ಪಕ್ಕದಲ್ಲಿ ಕೂತು ನೊಣ ಓಡಿಸಿದೆ. ಆ ಹೊತ್ತಿಗೆ ನಾನು ಕಂಡೇ ಇರದ ಎಡ್ವರ್ಡ್ ಮಾಸ್ಟ್ರ ಮೇಲೆ ನನ್ನ ಸಿಟ್ಟು ತಿರುಗಿತ್ತು. ಸತ್ತು ಹೋದ ನಿಯಮವನ್ನು ಮಕ್ಕಳ ತಲೆಗೆ ತುಂಬಿದ ಮನುಷ್ಯ ಎಂಥ ಮೇಷ್ಟ್ರು ಎಂದುಬಿಟ್ಟೆ. ವಾರಿಜಕ್ಕ ಚೂರಿ ಕೆಳಗಿಟ್ಟರು. ಅವರನ್ನು ಮಾತ್ರ ಏನೂ ಅನ್ನಬೇಡ, ಅವರಿಗೆ ಗೊತ್ತಿದ್ದದ್ದು ಅಷ್ಟು, ಗೊತ್ತಿದ್ದಷ್ಟನ್ನು ಒಂದು ಚೂರೂ ಉಳಿಸಿಕೊಳ್ಳದೆ ಕೊಟ್ಟರು ಎಂದರು. ಮಾಸ್ಟ್ರು ಇನ್ನೂ ಬದುಕಿದ್ದಾರೆ, ಶಿರ್ವದಲ್ಲಿ ಮಗನ ಮನೆಯಲ್ಲಿದ್ದಾರೆ, ಪ್ರತಿ ಕ್ರಿಸ್ಮಸ್ಸಿಗೆ ಇವರು ಫೋನ್ ಮಾಡುತ್ತಾರೆ ಎಂಬುದು ಆಗಲೇ ನನಗೆ ಗೊತ್ತಾದದ್ದು. ಈ ವಿಷಯ ಅವರ ಕಿವಿಗೆ ಬೀಳಬಾರದು ಎಂದೂ ಹೇಳಿದರು.

ಅಂದಿನಿಂದ ಬಸ್ಸಿನಲ್ಲಿ ಕಥೆ ನಿಂತಿತು. ಮಕ್ಕಳು ಕೇಳಿದರೆ ಗಂಟಲು ಕಟ್ಟಿದೆ ಎನ್ನುತ್ತಿದ್ದರಂತೆ. ಮೊದಲು ಪದಕವಷ್ಟೇ ಇರಲಿಲ್ಲ, ಈಗ ಆ ಹೊಗಳಿಕೆಯೂ ಹೋಯಿತು. ಇನ್ನೂ ಒಂದನ್ನು ನಾನು ಕಣ್ಣಾರೆ ಕಂಡೆ. ಬಟ್ಟೆಯ ಬಕೆಟ್ಟು ಹಿಡಿದು ಬಂದ ವಾರಿಜಕ್ಕ ಸೈಕಲ್ಲಿನ ಮುಂದೆ ನಿಂತು, ನಮ್ಮ ಹಾಗೇ ಅದನ್ನು ಸುತ್ತಿ ಹೋದರು. ಅದನ್ನು ನೋಡಿ ನನಗೆ ಅಳು ಬಂತು. ಅಳು ಬಂದರೆ ನನಗೆ ಮತ್ತೆ ಸಿಟ್ಟೇ ಬರುವುದು.

ಜಸೀನಾ ಟೀಚರಿಗೆ ಫೋನ್ ಮಾಡಿದೆ. ಇಲ್ಲೇ ಅಬುಧಾಬಿಯಲ್ಲಿ ಚಳಿಗಾಲಕ್ಕೆ ಹಿರಿಯರ ಕ್ರೀಡಾಕೂಟ ನಡೆಯುತ್ತದೆ, ಐವತ್ತು ದಾಟಿದ ಹೆಂಗಸರಿಗೂ ಹರ್ಡಲ್ಸ್ ಉಂಟು, ಎಂಟೇ ಹರ್ಡಲ್, ಎತ್ತರವೂ ಕಡಿಮೆ ಎಂದರು ಅವರು. ನಾನು ಯಾರನ್ನೂ ಕೇಳದೆ ಹೆಸರು ಕೊಟ್ಟುಬಿಟ್ಟೆ. ತಿಳಿದಾಗ ವಾರಿಜಕ್ಕ, "ನಿಂಗೆ ಮರ್ಲಾ ಮಾರಾಯ್ತಿ? ಈ ಮಂಡಿಯಲ್ಲಿ ನಾನು ಎಂತ ಓಡುದು?" ಎಂದು ಹುಚ್ಚಿಯನ್ನು ಬೈಯುವ ಹಾಗೆ ಬೈದು ಬಾಗಿಲು ಹಾಕಿಕೊಂಡರು. ಮರುದಿನ ಬೆಳಿಗ್ಗೆ ಬಸ್ಸಿಗೆ ಹೊರಟಾಗ ಓಣಿಯಲ್ಲಿ ಸೈಕಲ್ಲು ಅಡ್ಡ ಇತ್ತು. ಇಟ್ಟವಳು ನಾನೇ. ವಾರಿಜಕ್ಕ ನಿಂತರು, ನನ್ನ ಕಿಟಕಿಯ ಕಡೆ ಒಮ್ಮೆ ನೋಡಿದರು, ಆಮೇಲೆ ದಾಟಿದರು.

ಬೆಳಗಿನ ಟ್ರಿಪ್ಪಿಗೂ ಮಧ್ಯಾಹ್ನದ ಟ್ರಿಪ್ಪಿಗೂ ನಡುವೆ ಬಸ್ಸಿನವರಿಗೆ ಬಿಡುವು. ಶಾಲೆಯವರ ಒಪ್ಪಿಗೆ ಪಡೆದು ಜಸೀನಾ ಟೀಚರ್ ಆ ಹೊತ್ತಿನಲ್ಲಿ ಮೈದಾನದ ಒಂದು ಮೂಲೆ ಕೊಡಿಸಿದರು. ಚನಿಯಣ್ಣ ಹೆಂಡತಿಗೆಂದು ಗ್ಯಾರೇಜಿನ ಹಳೆಯ ಸೈಲೆನ್ಸರ್ ಪೈಪುಗಳನ್ನು ವೆಲ್ಡ್ ಮಾಡಿ ಹರ್ಡಲ್ ತಯಾರಿಸಿ, ಗ್ಯಾರೇಜಿನ ಪಿಕಪ್ಪಿನಲ್ಲಿ ಹೇರಿಕೊಂಡು ಬಂದರು. ಮಾಡಿದ್ದು ಭದ್ರವಾಗಿರಲಿ ಎಂಬ ವೆಲ್ಡರ್ ಬುದ್ಧಿ. ಹಿಂದಕ್ಕೂ ಮುಂದಕ್ಕೂ ಎರಡೆರಡು ಕಾಲು ಇಟ್ಟಿದ್ದರು. ವಾರಿಜಕ್ಕನ ಕಾಲು ತಾಗಿತು, ಹರ್ಡಲ್ ಅಲ್ಲಾಡಲಿಲ್ಲ, ವಾರಿಜಕ್ಕ ಮುಗ್ಗರಿಸಿ ಮರಳಿಗೆ ಬಿದ್ದರು. ಮೊಣಕಾಲ ಕೆಳಗೆ ಮೂಳೆಯ ಮೇಲೆ ನೀಲಿ ಬಾವು. ಆದರೂ ಬಹಳ ದಿನಗಳ ಮೇಲೆ ನಕ್ಕದ್ದು ಆಗಲೇ. ಫೋಟೋದ ದೊರೆಯ ಗೇಟು ಇದೇ, ಇಂಥದ್ದನ್ನೇ ಅವ ಹಾರಿದ್ದು ಎಂದು ನಗುತ್ತಾ ಹೇಳಿದರು. ಚನಿಯಣ್ಣ ಪೆಚ್ಚಾಗಿ ಹರ್ಡಲುಗಳನ್ನು ವಾಪಸ್ ಹೊತ್ತೊಯ್ದು, ಮುಂದಿನ ಕಾಲುಗಳನ್ನು ಕತ್ತರಿಸಿ ತಂದರು. ಈಗ ತಾಗಿದರೆ ಮುಂದಕ್ಕೆ ಬೀಳುತ್ತಿದ್ದವು.

ನಿಜವಾದ ಕಷ್ಟ ಶುರುವಾದದ್ದು ಅವು ಬೀಳಲು ತೊಡಗಿದ ಮೇಲೆ. ಮಂಡಿ ಹಿಡಿತಕ್ಕೆ ಬಂತು, ಉಸಿರು ಬಂತು, ಹಳೆಯ ಹೆಜ್ಜೆಯೂ ಬಂತು. ಆದರೆ ಮೂರನೆಯದು ಬಿದ್ದ ಸದ್ದು ಕೇಳಿದ ಕೂಡಲೇ ವಾರಿಜಕ್ಕ ಗಕ್ಕನೆ ನಿಂತುಬಿಡುತ್ತಿದ್ದರು. ಭುಜ ಇಳಿಯುತ್ತಿತ್ತು, ಕೈ ತಾನಾಗಿ ಹಿಂದಕ್ಕೆ ಹೋಗುತ್ತಿತ್ತು. ನಿಲ್ಲಬಾರದೆಂದು ಅವರಿಗೆ ಗೊತ್ತು, ಕಾಲಿಗೆ ಗೊತ್ತಿಲ್ಲ. ಎಲ್ಲವನ್ನೂ ಬೇಕೆಂದೇ ಒದ್ದು ಬೀಳಿಸುತ್ತಾ ಓಡಿ ಅಭ್ಯಾಸ ಮಾಡಿ ಎಂದರು ಜಸೀನಾ. ಅದು ಅವರಿಂದ ಆಗಲೇ ಇಲ್ಲ. ಆಮೇಲೆ ವಾರಿಜಕ್ಕ ತಮ್ಮದೇ ಉಪಾಯ ಕಂಡುಕೊಂಡರು, ಯಾವುದಕ್ಕೂ ತಾಗದಂತೆ ಎತ್ತರ ಹಾರುವುದು, ಬೆಂಚಿನ ಕಾಲದ ಹಾಗೆ. ಜಸೀನಾಗೆ ಅದು ಒಪ್ಪಿಗೆಯಾಗಲಿಲ್ಲ. ಗಾಳಿಯಲ್ಲಿದ್ದಷ್ಟು ಹೊತ್ತೂ ಓಟ ನಿಂತ ಹಾಗೇ, ತಗ್ಗಿ ದಾಟಿದರೆ ಮಾತ್ರ ಗೆಲುವು, ತಗ್ಗಿದರೆ ತಾಗುತ್ತದೆ ಎಂದರು. ಗೆಲ್ಲಬೇಕಾದರೆ ಬೀಳಿಸಬೇಕು, ಬೀಳಿಸಿದರೆ ನಿಂತುಬಿಡುತ್ತಾರೆ.

ಇಷ್ಟರಲ್ಲಿ ನಮ್ಮ ಕನ್ನಡ ಕೂಟದ ಹೆಂಗಸರಿಗೆ ಸುದ್ದಿ ಮುಟ್ಟಿತು. ಸಂಕ್ರಾಂತಿ ಊಟದ ದಿನ ಒಬ್ಬಾಕೆ ಎಳ್ಳುಬೆಲ್ಲ ಕೊಡುತ್ತಾ, ಈ ವಯಸ್ಸಲ್ಲಿ ಇದೆಲ್ಲ ಬೇಕಿತ್ತಾ ಎಂದು ಕೊಂಕು ತೆಗೆದರು. ವಾರಿಜಕ್ಕ ಎಳ್ಳುಬೆಲ್ಲ ಬಾಯಿಗೆ ಹಾಕಿಕೊಂಡು, ಹದಿನೇಳರಲ್ಲೇ ಮುಗಿಸಬೇಕಿತ್ತು, ಎರಡು ಹರ್ಡಲ್ ಬಾಕಿ ಉಳಿದುಹೋಯಿತು ಎಂದು ತಣ್ಣಗೆ ಹೇಳಿದರು. ಆಕೆಗೆ ಅರ್ಥವಾಗಲಿಲ್ಲ. ನನಗಾಯಿತು.

ಓಟದ ದಿನ ಬೆಳಿಗ್ಗೆ ಬಿಸಿಲು ಹಿತವಾಗಿತ್ತು. ವಾರಿಜಕ್ಕ ತುಂಬು ತೋಳಿನ ಬನಿಯನ್ನು, ಕರಿ ಪ್ಯಾಂಟು, ಚನಿಯಣ್ಣ ದೇರಾದಲ್ಲಿ ಕೊಡಿಸಿದ ಕಿತ್ತಳೆ ಬಣ್ಣದ ಶೂ ಹಾಕಿಕೊಂಡು ಮದುಮಗಳ ಹಾಗೆ ನಾಚಿಕೊಂಡು ನಿಂತಿದ್ದರು. ಅವರ ಗುಂಪಿನಲ್ಲಿ ಐದು ಜನ. ಪಕ್ಕದ ಸಾಲಿನಲ್ಲಿ ಉದ್ದ ಕಾಲಿನ ಒಬ್ಬ ಇಂಗ್ಲಿಷ್ ಹೆಂಗಸು, ಪ್ರತಿ ವರ್ಷ ಗೆಲ್ಲುವವರಂತೆ. ಶುರುವಿನ ಗೆರೆಗೆ ಹೋಗುವ ಮೊದಲು ವಾರಿಜಕ್ಕ ಸುತ್ತ ನೋಡಿ, ಮುಟ್ಟಿ ನಮಸ್ಕರಿಸಲು ಏನೂ ಸಿಗದೆ, ಮೊದಲ ಹರ್ಡಲಿನ ಪಟ್ಟಿಯನ್ನೇ ಮುಟ್ಟಿ ಕಣ್ಣಿಗೊತ್ತಿಕೊಂಡರು. ಇಂಗ್ಲಿಷ್ ಹೆಂಗಸೂ ಏನೋ ಒಳ್ಳೆಯದಿರಬೇಕು ಎಂದು ತನ್ನದನ್ನು ಮುಟ್ಟಿದರು.

ಬಂದೂಕಿನ ಸದ್ದಾಯಿತು. ಮೊದಲ ಎರಡನ್ನು ವಾರಿಜಕ್ಕ ಎತ್ತರಕ್ಕೇ ಹಾರಿದರು, ಹಿಂದೆ ಬಿದ್ದರು. ಇಂಗ್ಲಿಷ್ ಹೆಂಗಸು ಒಂದು ಮಾರು ಮುಂದೆ. ಮುಗಿಯಿತು ಅಂದುಕೊಂಡೆ. ಮೂರನೆಯದಕ್ಕೆ ಅವರ ತಲೆ ತಗ್ಗಿತು. ಎದೆ ಮಂಡಿಯ ಕಡೆ ಬಾಗಿತು, ಕಾಲು ಪಟ್ಟಿಗೆ ಸವರಿಕೊಂಡೇ ಹೋಯಿತು, ಹರ್ಡಲ್ ಬಿತ್ತು. ಬೇಕೆಂದೇ ತಗ್ಗಿದ್ದರು! ನಾಲ್ಕು ಸರಿಯಾಯಿತು. ಐದು ಬಿತ್ತು. ಆರನ್ನು ದಾಟುವಾಗ ಇಬ್ಬರೂ ಸಮ. ಪಕ್ಕದಲ್ಲಿ ಜಸೀನಾ ನನ್ನ ತೋಳು ಹಿಡಿದಿದ್ದರು, ಉಗುರು ಊರುತ್ತಿತ್ತು. ಚನಿಯಣ್ಣ ಬೇಲಿಯ ಹತ್ತಿರ ಓಟಕ್ಕೆ ಬೆನ್ನು ಹಾಕಿ ನಿಂತಿದ್ದರು, ನೋಡುವ ಧೈರ್ಯ ಇಲ್ಲದೆ.

ಏಳನೆಯದಕ್ಕೆ ಬಲಗಾಲ ಮಂಡಿ ತಾಗಿತು. ಹರ್ಡಲ್ ಬಿದ್ದ ಸದ್ದು ನಮಗೂ ಕೇಳಿತು. ಮೂರು.

ಭುಜ ಇಳಿದದ್ದನ್ನು ನಾನು ಕಂಡೆ. ಬಲಗೈ ಹಿಂದಕ್ಕೆ ಹೋದದ್ದನ್ನೂ ಕಂಡೆ. ಒಂದು ಹೆಜ್ಜೆ ಸಡಿಲವಾಯಿತು, ಇಂಗ್ಲಿಷ್ ಹೆಂಗಸು ಮುಂದಾದರು. ಆಗ ವಾರಿಜಕ್ಕ ತಾವೇ ತಮ್ಮ ಕಾಲಿಗೆ ಗದರಿಸಿದರು. "ಬಲಿಪು!" ತುಳುವಿನಲ್ಲಿ ಓಡು ಎಂದು. ಬಸ್ಸಿಗೆ ತಡಮಾಡುವ ಮಕ್ಕಳನ್ನು ಗದರುವ ಅದೇ ದನಿ, ಇಡೀ ಮೈದಾನಕ್ಕೆ ಕೇಳಿತು. ಮತ್ತೆ ಓಡಿದರು. ಎಂಟನೆಯದನ್ನು ಒದ್ದೇ ದಾಟಿದರು, ಅದೂ ಬಿತ್ತು, ತಿರುಗಿ ನೋಡಲಿಲ್ಲ. ಗೆರೆಯ ಹತ್ತಿರ ಎದೆ ಮುಂದೆ ಚಾಚಿ, ಬಿದ್ದೇ ಬಿಡುತ್ತಾರೆ ಎನ್ನುವ ಹಾಗೆ ಮುಟ್ಟಿದರು. ಫಲಿತಾಂಶ ಪರದೆಯ ಮೇಲೆ ಬರುವವರೆಗೆ ಯಾರಿಗೂ ತಿಳಿಯಲಿಲ್ಲ. ಬಂದಾಗ ಮೊದಲ ಹೆಸರು ವಾರಿಜಾಕ್ಷಿ. ಚನಿಯಣ್ಣ ಈ ಕಡೆ ತಿರುಗಿದ್ದೇ ಆಗ, ಹೆಂಡತಿ ಗೆದ್ದದ್ದನ್ನು ನೋಡಲಿಲ್ಲವೆಂದು ಇವತ್ತಿಗೂ ನಾವು ಅವರ ಕಾಲೆಳೆಯುತ್ತೇವೆ. ನಾನು ಅತ್ತೆ. ಅಶ್ಮಿತಾ, "ಅಮ್ಮಾ, ಯು ಆರ್ ಸೋ ಎಂಬರಾಸಿಂಗ್" ಎಂದು ಹೇಳುತ್ತಾ ತಾನೂ ಅತ್ತಳು. ಇಂಗ್ಲಿಷ್ ಹೆಂಗಸು ಬಂದು ತಬ್ಬಿಕೊಂಡು, ಬಲಿಪು ಅಂದರೆ ಏನೆಂದು ಕೇಳಿ ಕಲಿತುಕೊಂಡು ಹೋದರು.

ಪದಕ ಕೊರಳಿಗೆ ಬಿದ್ದ ಮೇಲೆ ವಾರಿಜಕ್ಕ ಒಂದು ಕಡೆ ನೆರಳಿನಲ್ಲಿ ಕೂತರು. ಶೂ ಬಿಚ್ಚಿದರು. ಮಾಸ್ಟ್ರಿಗೆ ವಿಡಿಯೋ ಕಾಲ್ ಮಾಡು ಎಂದರು. ಅವರಿಗೆ ಹೇಳಬಾರದು ಅಂದವರು ನೀವೇ ಅಲ್ಲವೇ ಎಂದೆ. ಗೆದ್ದದ್ದನ್ನು ಹೇಳದೆ ಇರುವುದು ಹೇಗೆ ಎಂದರು. ಮೊಬೈಲಿನಲ್ಲಿ ಮಾಸ್ಟ್ರ ಸೊಸೆ ಕಂಡರು, ಆಮೇಲೆ ಬಿಳಿ ಬನಿಯನ್ನಿನ, ಹಲ್ಲಿಲ್ಲದ ಒಬ್ಬ ಅಜ್ಜ ಆರಾಮ ಕುರ್ಚಿಯಲ್ಲಿ ಕಂಡರು. ವಾರಿಜಕ್ಕ ಪದಕವನ್ನು ಪರದೆಯ ಹತ್ತಿರ ಹಿಡಿದು, ಗೆದ್ದೆ ಮಾಸ್ಟ್ರೇ, ಹರ್ಡಲ್ಸ್ ಎಂದು ಎರಡು ಸಲ ಕೂಗಿ ಹೇಳಿದರು. ಅಜ್ಜ ಬಹಳ ಹೊತ್ತು ಪದಕ ನೋಡಿದರು. ಹೊಗಳುತ್ತಾರೆ ಅಂದುಕೊಂಡೆ. ಮಾಸ್ಟ್ರು ಮಾಸ್ಟ್ರೇ.

"ಎಷ್ಟು ಬಿತ್ತು?" ಎಂದು ಕೇಳಿದರು.

ವಾರಿಜಕ್ಕ ನನ್ನ ಮುಖ ನೋಡಿದರು. ಸುಳ್ಳು ಹೇಳಿಬಿಡಿ ಎಂದು ನಾನು ಕಣ್ಣಲ್ಲೇ ಸನ್ನೆ ಮಾಡಿದೆ. ಅವರು ಪರದೆಯ ಕಡೆ ತಿರುಗಿದರು.

"ನಾಲ್ಕು, ಮಾಸ್ಟ್ರೇ."

"ನಿಲ್ಲಲಿಲ್ವಾ?"

"ಇಲ್ಲ. ಆ ನಿಯಮ ಈಗ ಇಲ್ಲ ಮಾಸ್ಟ್ರೇ." ಮೆಲ್ಲಗೆ ಸೇರಿಸಿದರು: "ಅವತ್ತೂ ಇರ್ಲಿಲ್ಲ ಅಂತೆ."

ಅಜ್ಜನಿಗೆ ಕೇಳಿಸಿತೋ ಇಲ್ಲವೋ ಎಂದು ಸೊಸೆ ಬಗ್ಗಿ ನೋಡಿದರು. ವಾರಿಜಕ್ಕ ತುಟಿ ಕಚ್ಚಿಕೊಂಡು ಕಾಯುತ್ತಿದ್ದರು. ಕೊನೆಗೆ ಎಡ್ವರ್ಡ್ ಮಾಸ್ಟ್ರು ಕುರ್ಚಿಯ ತೋಳು ಹಿಡಿದು ಎದ್ದು ನಿಂತರು. ಸೊಸೆ ಬೇಡ ಎಂದರೂ ಕೇಳಲಿಲ್ಲ. ಅಂದು ಶಾಲೆಯ ಎದುರು ನಿಂತಿದ್ದ ಹಾಗೆಯೇ ನೆಟ್ಟಗೆ ನಿಂತು, ದೊಡ್ಡ ದನಿಯಲ್ಲಿ ಹೇಳಿದರು:

"ಹಾಗಾದ್ರೆ ವಾರಿಜಾ, ಅವತ್ತು ಬೆಂಗ್ಳೂರಲ್ಲಿ ಕೂಡ ಫಸ್ಟ್ ನೀನೇ."

ವಾರಿಜಕ್ಕ ಹೂಂ ಮಾಸ್ಟ್ರೇ ಎಂದರು. ಆಮೇಲೆ ಬರಿಗಾಲಲ್ಲೇ ಎದ್ದು ನಿಂತು, ಮಾತು ಮುಗಿಯುವವರೆಗೂ ಹಾಗೇ ನಿಂತಿದ್ದರು.